ಮೂರಡಿ ನೀರು

ನಲವತ್ತು ವರ್ಷ ಗೋಡೆ ಬರೆದವನಿಗೆ ಮೊದಲು ಕೈಕೊಡುವುದು ಮಂಡಿ. ಗೆರೆಯಣ್ಣನ ಮಂಡಿಗಳೆರಡೂ ಏಣಿಯ ಮೂರನೇ ಮೆಟ್ಟಿಲಿಗೇ ಗೊಣಗತೊಡಗಿ ವರ್ಷಗಳಾಗಿದ್ದವು. ಕೈ ಮಾತ್ರ ಇನ್ನೂ ನಡುಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಕುಂಚ ಊರಿದನೆಂದರೆ ಒಂದು ಮಾರುದ್ದದ ಗೆರೆ ಒಂದೇ ಎಳೆತಕ್ಕೆ ಮುಗಿಯಬೇಕು. ಆಮೇಲೆ ಯಾರಾದರೂ ಪಟ್ಟಿ ಇಟ್ಟು ನೋಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಸಿಗಬಾರದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೊಂದಿತ್ತು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರೇ ತೀರಿಕೊಂಡು, ಜನರ ಬಾಯಲ್ಲಿ ಗೆರೆಯಣ್ಣ ಎಂಬುದೇ ಗಟ್ಟಿಯಾಯಿತು.

ಫ್ಲೆಕ್ಸ್ ಬಂದು ಅವನ ಕಸುಬಿನ ಬುಡಕ್ಕೇ ಕೊಡಲಿ ಹಾಕಿತ್ತು. ಒಂದು ಕಾಲಕ್ಕೆ ಬಟ್ಟೆ ಅಂಗಡಿಯಿಂದ ಹಲ್ಲಿನ ಡಾಕ್ಟರವರೆಗೆ ಎಲ್ಲರ ಬೋರ್ಡೂ ಅವನ ಕೈಯಲ್ಲೇ ಹುಟ್ಟುತ್ತಿತ್ತು. ಈಗ ಉಳಿದದ್ದು ಗೇಟಿನ ಮೇಲಿನ ಮನೆ ನಂಬರು ಮತ್ತು 'ಇಲ್ಲಿ ಮೂತ್ರ ಮಾಡಬಾರದು' ಎಂಬ ಸಾಲು. ಆ ಸಾಲನ್ನು ಅವನು ಎಷ್ಟೋ ಗೋಡೆಗಳ ಮೇಲೆ ಬರೆದಿದ್ದ. ಬರೆದು ಮುಗಿಸಿ ತಿರುಗುವಷ್ಟರಲ್ಲಿ ಅದರ ಕೆಳಗೇ ಒಬ್ಬ ನಿಂತಿರುತ್ತಿದ್ದ. ಗೋಡೆ ಬರಹದಿಂದ ಜನ ತಿದ್ದಿಕೊಳ್ಳುತ್ತಾರೆಂಬ ಭ್ರಮೆ ಅವನಿಗೆ ಆಗಲೇ ಹೋಗಿತ್ತು. ಹಾಗಿದ್ದೂ ನಗರಸಭೆಯವರು ಕರೆದು, ಹವಾಮಾನ ಕೆಡುತ್ತಿರುವುದರ ಬಗ್ಗೆ ಜನಜಾಗೃತಿಗಾಗಿ ಒಂದು ಇಡೀ ಬೀದಿಯ ಗೋಡೆಗಳಿಗೆ ಚಿತ್ರ ಬರೆಯಬೇಕು ಎಂದಾಗ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಹಿಡಿದುಕೊಂಡ.

ಬೀದಿ ಅವನದೇ. ಮೇಲಿನ ತುದಿಯಲ್ಲಿ ದವಾಖಾನೆ, ಕೆಳಗಿನ ತುದಿಯಲ್ಲಿ ನದಿ, ನಡುವೆ ಒಂದಕ್ಕೊಂದು ಅಂಟಿಕೊಂಡ ನಲವತ್ತು ಮನೆ. ಇಳಿಜಾರು ಇತ್ತು, ಆದರೆ ಇದೆ ಎಂದು ಯಾರಿಗೂ ಅನ್ನಿಸದಷ್ಟು ನಯವಾದ ಇಳಿಜಾರು. ಚೆಂಡು ಬಿಟ್ಟರೆ ಉರುಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಗೆರೆಯಣ್ಣ ದವಾಖಾನೆಯ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿದ್ದ. ಅವನ ಅಕ್ಕ ನದಿ ಕಡೆಯ ಕಟ್ಟಕಡೆಯ ಮನೆಯಲ್ಲಿದ್ದಳು.

ಪರಿಸರ ವಿಭಾಗದ ಇಂಜಿನಿಯರಮ್ಮ ಒಂದು ದಿನ ಬಂದು ದವಾಖಾನೆಯ ಗೋಡೆಯ ಮುಂದೆ ನಿಂತು ಅವನಿಗೆ ವಿವರಿಸಿದಳು. ಇನ್ನೂ ಎಳೆ ವಯಸ್ಸು, ಮಾತು ಮಾತ್ರ ಪಟಪಟ.

"ಬಿಸಿಲು ಹೆಚ್ಚಾದಷ್ಟೂ ಮೋಡ ಜಾಸ್ತಿ ನೀರು ಹೊರುತ್ತೆ. ಮೂರು ತಿಂಗಳ ಮಳೆ ಮೂರೇ ದಿನಕ್ಕೆ ಸುರೀಬಹುದು. ಹಾಗೆ ಸುರಿದ್ರೆ ನದಿ ಎಲ್ಲಿವರೆಗೆ ಬರುತ್ತೆ ಅಂತ ಲೆಕ್ಕ ಹಾಕಿದ್ದೀವಿ." ಬಗ್ಗಿ, ರಸ್ತೆಯಿಂದ ಸರಿಯಾಗಿ ಮೂರಡಿ ಎತ್ತರಕ್ಕೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದಳು. "ಇಲ್ಲಿವರೆಗೆ. ಈ ಗುರುತಿನಿಂದ ಕೊನೇ ಮನೆವರೆಗೂ ನೀಲಿ ಗೆರೆ ಹೋಗ್ಲಿ. ಗೆರೆ ಕೆಳಗೆ ನೀರೊಳಗಿನ ಚಿತ್ರ, ಮೇಲೆ ನಿಮ್ಮಿಷ್ಟ."

ಅಷ್ಟು ಹೇಳಿ ಹೋದವಳಿಗೆ ಆ ವಾರವೇ ಬೇರೆ ಊರಿಗೆ ವರ್ಗವಾಯಿತು. ಗೆರೆಯಣ್ಣ ಅವಳನ್ನು ಮತ್ತೆ ನೋಡಲಿಲ್ಲ.

ಅವನು ತನಗೆ ಗೊತ್ತಿದ್ದಂತೆ ಕೆಲಸ ಶುರುಮಾಡಿದ. ಪ್ರತಿ ಗೋಡೆಯಲ್ಲೂ ರಸ್ತೆಯಿಂದ ಮೂರಡಿ ಅಳೆದು ಎರಡು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ನೀಲಿ ಪುಡಿ ಹಚ್ಚಿದ ದಾರ ಬಿಗಿದು ಒಮ್ಮೆ ಚಿಮ್ಮಿಸಿದರೆ ಗೋಡೆಯ ಮೇಲೆ ಗೆರೆ ಮೂಡುತ್ತದೆ. ಕಸುಬು ಕಲಿಸಿದ ಗುರು ಹದಿನಾರನೇ ವಯಸ್ಸಿನಲ್ಲೇ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ: ರಸ್ತೆ ಇಳಿದರೆ ಗೆರೆಯೂ ಜೊತೆಗೇ ಇಳಿಯಬೇಕು, ಹತ್ತಿದರೆ ಹತ್ತಬೇಕು, ಇಲ್ಲದಿದ್ದರೆ ಕಟ್ಟಡವೇ ವಾಲಿದಂತೆ ಕಂಡು ಗಿರಾಕಿ ಬಾಯಿಗೆ ಬಂದಂತೆ ಬೈಯುತ್ತಾನೆ. ನಲವತ್ತು ವರ್ಷ ಹಾಗೆಯೇ ಎಳೆದಿದ್ದ, ಯಾರೂ ಬೈದಿರಲಿಲ್ಲ. ನಲವತ್ತು ಮನೆಗೂ ಗೆರೆ ಎಳೆದು ಮುಗಿಸಿ ದವಾಖಾನೆಯ ಮೆಟ್ಟಿಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಗೆರೆ ಕೊನೆಯವರೆಗೂ ಅಚ್ಚುಕಟ್ಟಾಗಿ ರಸ್ತೆಯ ಜೊತೆ ಜೊತೆಗೇ ಹೋಗಿತ್ತು. ಬಹಳ ದಿನಗಳ ಮೇಲೆ ಅವನಿಗೆ ತನ್ನ ಬಗ್ಗೆ ಖುಷಿಯಾಯಿತು.

ಚಿತ್ರ ಬರೆಯಲು ಎರಡು ತಿಂಗಳು ಹಿಡಿಯಿತು. ಗೆರೆಯ ಕೆಳಗೆ ಮುಳುಗಿದ ಕುರ್ಚಿ, ಮುಳುಗಿದ ಸೈಕಲ್ಲು, ಅವುಗಳ ಸಂದಿಯಲ್ಲಿ ಮೀನು. ಒಂದೊಂದು ಮನೆಯವರದೂ ಒಂದೊಂದು ಬೇಡಿಕೆ. ಏಳನೇ ಮನೆಯ ನಿವೃತ್ತ ಮೇಷ್ಟರು ತಮ್ಮ ಸತ್ತುಹೋದ ಬೆಕ್ಕನ್ನು ಬರೆಯಲೇಬೇಕೆಂದು ಹಟ ಹಿಡಿದರು. ನೀರೊಳಗೆ ಬೆಕ್ಕು ಹೇಗಿರುತ್ತದೆ ಸ್ವಾಮಿ ಎಂದರೆ, "ಸತ್ತಿದೆಯಲ್ಲಪ್ಪ, ಅದಕ್ಕೆ ಇನ್ನೇನು ಭಯ?" ಎಂದರು. ಹದಿನೆಂಟನೆಯವಳು ತನ್ನ ಗೋಡೆಯ ಮೀನು ಪಕ್ಕದವಳ ಮೀನಿಗಿಂತ ಚಿಕ್ಕದಾಯಿತೆಂದು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದಳು. ಹವಾಮಾನದ ಬಗ್ಗೆ ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಉದ್ಘಾಟನೆ ದವಾಖಾನೆಯ ಮುಂದೆ ಆಯಿತು, ಕಾರುಗಳು ಅಲ್ಲಿಯವರೆಗೆ ಮಾತ್ರ ಬರುತ್ತಿದ್ದವು. ಫೋಟೋ ತೆಗೆದರು. ಬಂದವರಲ್ಲಿ ಒಬ್ಬರೂ ಕೆಳಗಿನ ತುದಿಯವರೆಗೆ ನಡೆದು ನೋಡಲಿಲ್ಲ.

ಆ ಗೆರೆಯನ್ನು ನಂಬಿದವಳು ಒಬ್ಬಳಿದ್ದಳು, ಅವನ ಅಕ್ಕ.

ಅಕ್ಕನ ಮನೆಯೆಂದರೆ ಮುಂದೆ ಹೊಲಿಗೆ ಅಂಗಡಿ, ಹಿಂದೆ ಒಂದು ಕೋಣೆ, ಮೇಲೆ ತಗಡು. ಆ ಕೋಣೆಯಲ್ಲಿ ಭಾವ ಮಲಗಿದ್ದ. ಬಸ್ ಓಡಿಸುತ್ತಿದ್ದ ದೊಡ್ಡ ಆಳು, ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಎಡಗೈ ಒಂದು ಅಲ್ಲಾಡುತ್ತಿತ್ತು, ಕಣ್ಣುಗಳು ಎಲ್ಲವನ್ನೂ ನೋಡುತ್ತಿದ್ದವು. ಹೋದ ವರ್ಷದ ಮಳೆಯಲ್ಲಿ ನದಿ ಉಕ್ಕಿ ಅಕ್ಕನ ಹೊಸ್ತಿಲು ದಾಟಿ ಪಾದ ಮುಳುಗುವಷ್ಟು ನೀರು ಬಂದಿತ್ತು. ಆವತ್ತು ಅವಳು ಭಾವನ ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು, ಇಡೀ ದಿನ ಒಂದು ತಂಬಿಗೆಯಿಂದ ನೀರು ಮೊಗೆದು ಹೊರಗೆ ಚೆಲ್ಲಿದ್ದಳು.

ತಮ್ಮನ ಗೆರೆ ಮುಗಿದ ವಾರದಲ್ಲೇ ಅವಳು ಗಾರೆಯವನನ್ನು ಕರೆಸಿ, ಗೆರೆಗಿಂತ ಒಂದು ಗೇಣು ಎತ್ತರಕ್ಕೆ ಕೋಣೆಯೊಳಗೆ ಇಟ್ಟಿಗೆಯ ಕಟ್ಟೆ ಕಟ್ಟಿಸಿ ಭಾವನನ್ನು ಅದರ ಮೇಲೆ ಮಲಗಿಸಿದಳು. ಮೂರೂವರೆ ಅಡಿಗಿಂತ ಮೇಲಿನ ಕಟ್ಟೆ. ಗಂಜಿ ಕುಡಿಸಲು, ಮೈ ಒರೆಸಲು, ಮಗ್ಗುಲು ಹೊರಳಿಸಲು, ಬಟ್ಟೆ ಬದಲಿಸಲು ಪ್ರತಿ ಸಲವೂ ಅವಳು ಸ್ಟೂಲು ಹತ್ತಬೇಕು. ಅರವತ್ತಮೂರು ವಯಸ್ಸಿನವಳು ದಿನಕ್ಕೆ ಮೂವತ್ತು ಸಲ ಹತ್ತಿ ಇಳಿಯುವುದನ್ನು ಗೆರೆಯಣ್ಣ ಎಂಟು ತಿಂಗಳು ನೋಡಿದ. ವಾರಕ್ಕೊಮ್ಮೆ ಹೋಗಿ, ಬಾಗಿಲಲ್ಲಿ ಕೂತು, ಚಹಾ ಕುಡಿದು ಬರುತ್ತಿದ್ದ.

"ಸುಸ್ತಾಗಲ್ವ ಅಕ್ಕ?" ಎಂದು ಒಮ್ಮೆ ಕೇಳಿದ್ದ.

"ಆಗುತ್ತೆ" ಎಂದಿದ್ದಳು ಅವಳು. ಅಷ್ಟೇ. ಹೇಳಿ ಮತ್ತೆ ಸ್ಟೂಲು ಹತ್ತಿದ್ದಳು.

ಸುಸ್ತು ಅವನಿಗೂ ಇತ್ತು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಕೋಣೆಯಲ್ಲಿ ಒಂದರಲ್ಲಿ ಅವನಿದ್ದ, ಇನ್ನೊಂದರ ತುಂಬ ಯಾರೂ ಒಯ್ಯದ ಹಳೇ ಬೋರ್ಡು, ಒಣಗಿದ ಬಣ್ಣದ ಡಬ್ಬಿ. ಭಾವನಿಗೆ ಲಕ್ವ ಹೊಡೆದ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ, ಅಕ್ಕ ಏನೂ ಕೇಳದಿದ್ದರೂ ಇವನೇ ಬಾಯಿಬಿಟ್ಟು, "ನಮ್ಮನೆ ಮೇಲಿದೆ ಅಕ್ಕ, ಮೆಟ್ಟಿಲು ಬೇರೆ ಕಿರಿದು" ಎಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಅಕ್ಕ ಹೌದೆಂದು ತಲೆಯಾಡಿಸಿದ್ದಳು. ಆ ಮಾತು ಆಮೇಲೆ ಇಬ್ಬರ ನಡುವೆ ಬಂದಿರಲಿಲ್ಲ.

ಈ ವರ್ಷ ಬಿಸಿಲು ಕೆಟ್ಟದಾಗಿ ಕಾಯಿತು. ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಮಳೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅಕ್ಕ ಹೊಲಿಗೆ ಮೆಶೀನು ಮತ್ತು ಗಿರಾಕಿಗಳ ಬಟ್ಟೆಗಾಗಿ ಅಂಗಡಿಯ ಉದ್ದಕ್ಕೂ ಒಂದು ಕಟ್ಟೆ ಕಟ್ಟಿಸಲು ಹೊರಟಳು. ಅದೂ ಗೆರೆಗಿಂತ ಒಂದು ಗೇಣು ಮೇಲೆ. ಶುಕ್ರವಾರ ಗೆರೆಯಣ್ಣ ಹೋದಾಗ ಅಕ್ಕ ಔಷಧಿ ತರಲು ಹೊರಗೆ ಹೋಗಿದ್ದಳು. ಗಾರೆಯವನು ಒಬ್ಬನೇ ಅಂಗಡಿಯಲ್ಲಿ ತಲೆ ಕೆರೆಯುತ್ತ ನಿಂತಿದ್ದ. ಅವನ ಕೈಯಲ್ಲಿ ನೀರು ತುಂಬಿದ ಲೆವೆಲ್ ಪೈಪು ಇತ್ತು. ಆಚೆ ಈಚೆ ಕಾಣುವ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಅದು. ಒಂದು ತುದಿ ಇಲ್ಲಿ, ಇನ್ನೊಂದು ತುದಿ ಅಲ್ಲಿ ಹಿಡಿದರೆ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗಾರೆ ಕೆಲಸದವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

"ಗೆರೆಯಣ್ಣ, ತಪ್ಪು ತಿಳ್ಕೋಬೇಡಿ" ಎಂದ ಅವನು. "ನಿಮ್ಮ ಗೆರೇನ ಹೊರಗಿನಿಂದ ಒಳಗೆ ತಗೊಂಡೆ. ಎಡಮೂಲೇಲಿ ಒಂದು ಗುರುತು, ಬಲಮೂಲೇಲಿ ಒಂದು ಗುರುತು. ನೋಡಿದ್ರೆ ಎರಡೂ ಒಂದೇ ಮಟ್ಟದಲ್ಲಿಲ್ಲ. ನದಿ ಕಡೆಗೆ ಎರಡು ಬೆರಳು ಇಳಿದುಬಿಟ್ಟಿದೆ."

"ನಿನ್ನ ಪೈಪಲ್ಲಿ ಗಾಳಿಗುಳ್ಳೆ ಇರ್ಬೇಕು."

"ಮೂರು ಸಲ ನೋಡ್ದೆ."

"ನನ್ನ ಗೆರೆ ಸೊಟ್ಟ ಅಂತೀಯಾ? ನೀನು ಅಂಬೆಗಾಲಿಡೋ ಕಾಲದಲ್ಲಿ ಈ ಊರಿನ ಬ್ಯಾಂಕಿನ ಬೋರ್ಡು ಬರೆದೋನು ನಾನು!"

"ಸೊಟ್ಟ ಅಂತ ಎಲ್ಲಂದೆ? ರಸ್ತೆ ಜೊತೆಗೆ ನೇರವಾಗೇ ಇದೆ. ಆದ್ರೆ ನೀರು ರಸ್ತೆ ನೋಡ್ಕೊಂಡು ಇಳಿಯಲ್ವಲ್ಲ, ಅಣ್ಣ. ತುಂಬಿದ ನೀರು ಮಟ್ಟವಾಗಿ ನಿಲ್ಲುತ್ತೆ." ಗಾರೆಯವನು ಪೈಪನ್ನು ಸುತ್ತತೊಡಗಿದ. ಆಮೇಲೆ ಏನೋ ಹೊಳೆದು ಅವನ ಕೈ ನಿಂತಿತು. "ಒಂದು ಮನೆಗೇ ಎರಡು ಬೆರಳು. ದವಾಖಾನೆಯಿಂದ ಇಲ್ಲಿಗೆ ನಲವತ್ತು ಮನೆ. ನೀವೇ ಲೆಕ್ಕ ಹಾಕಿ."

ಎಂಬತ್ತು ಬೆರಳು. ಗೆರೆಯಣ್ಣ ಬೆರಳು ಮಡಿಸುತ್ತ ಅದನ್ನು ಅಡಿಗೆ ಇಳಿಸಿದ. ಎಂಬತ್ತು ಬೆರಳೆಂದರೆ ಐದು ಅಡಿ. ದವಾಖಾನೆಯ ಹತ್ತಿರ ಮೂರಡಿ ನಿಂತ ನೀರು ಇಲ್ಲಿ ಎಂಟಡಿ ನಿಲ್ಲುತ್ತದೆ. ಅವನು ತಿರುಗಿ ಹಿಂದಿನ ಕೋಣೆಯ ಬಾಗಿಲು ನೋಡಿದ. ಕಟ್ಟೆಯ ಮೇಲೆ ಮಲಗಿದ್ದ ಭಾವ ಇವನನ್ನೇ ನೋಡುತ್ತಿದ್ದ. ಮಾತೆಲ್ಲ ಕೇಳಿಸಿಕೊಂಡಿದ್ದಾನೆಯೇ, ಅರ್ಥವಾಗಿದೆಯೇ ಎಂದು ಆ ಮುಖದಿಂದ ತಿಳಿಯುವಂತಿರಲಿಲ್ಲ. ಗೆರೆಯಣ್ಣ ಅಕ್ಕನ ಮೆಶೀನಿನ ಕುರ್ಚಿಯ ಮೇಲೆ ಕೂತ.

"ಅಕ್ಕನಿಗೆ ಏನೂ ಹೇಳ್ಬೇಡ" ಎಂದ. "ಸಿಮೆಂಟು ಸಿಗ್ಲಿಲ್ಲ ಅಂತ ಹೇಳಿ ಎರಡು ದಿನ ಕೆಲಸ ನಿಲ್ಸು."

ಮರುದಿನ ನಗರಸಭೆಗೆ ಹೋದ. ಪರಿಸರ ವಿಭಾಗದ ಅಧಿಕಾರಿ ಕೆಟ್ಟವನಲ್ಲ, ಇವನಷ್ಟೇ ದಣಿದ ಮನುಷ್ಯ. ಮೇಜಿನ ಮೇಲಿನ ಕಡತಗಳ ಹಿಂದಿನಿಂದ ಇಣುಕಿ, ಪೂರ್ತಿ ಕೇಳಿದ. ಗೋಡೆಯ ಮೇಲೆ ನಗರಸಭೆಯ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಗೆರೆಯಣ್ಣನ ಮೀನುಗಳೇ ಇದ್ದವು.

"ಅದು ಜಾಗೃತಿ ರೀ, ಅಳತೆ ಅಲ್ಲ" ಎಂದ ಅಧಿಕಾರಿ. "ಜನ ನೋಡ್ಬೇಕು, ಒಂದು ಕ್ಷಣ ಯೋಚ್ನೆ ಮಾಡ್ಬೇಕು, ಅಷ್ಟೇ. ಯಾರಾದ್ರೂ ಗೋಡೆ ಚಿತ್ರ ನೋಡ್ಕೊಂಡು ಮನೆ ಕಟ್ತಾರೇನ್ರಿ?"

"ನಮ್ಮಕ್ಕ ಕಟ್ಟಿದ್ದಾಳೆ, ಸಾರ್."

ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಆ ಕಡತ ಮುಗಿದಿದೆ, ಲೆಕ್ಕ ಹಾಕಿದ ಹುಡುಗಿಗೆ ವರ್ಗವಾಗಿದೆ, ಈಗ ಗೆರೆ ತಪ್ಪು ಅಂದರೆ ಮೊದಲು ಕೇಳುವುದು ಬರೆದವನನ್ನೇ. ಇಷ್ಟನ್ನೂ ಅವನು ಬೆದರಿಕೆಯಿಲ್ಲದೆ, ತನಗೂ ಬೇಸರವೆಂಬಂತೆ ಹೇಳಿದ. "ಎಂಟಡಿ ನೀರು ಬರೋದು ಯಾವ ಕಾಲಕ್ಕೋ. ಬರದೇನೂ ಇರ್ಬಹುದು. ಸುಮ್ನೆ ಯಾಕೆ ಜನರನ್ನ ಹೆದರಿಸ್ತೀರಿ?" ಹೆದರಿಸುವುದಕ್ಕೇ ಅಲ್ಲವೇ ನನ್ನ ಕೈಯಲ್ಲಿ ಬರೆಸಿದ್ದು ಎಂದು ಕೇಳಬೇಕೆನಿಸಿತು ಗೆರೆಯಣ್ಣನಿಗೆ. ಕೇಳದೆ ಎದ್ದು ಬಂದ.

ಆ ದಿನವೆಲ್ಲ ಅವನಿಗೆ ಊಟ ಸೇರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು, ಅಧಿಕಾರಿ ದಾರಿ ತೋರಿಸಿಕೊಟ್ಟಿದ್ದ. ಗಾರೆಯವನ ಬಾಯಿ ಮುಚ್ಚಿಸುವುದೂ ಕಷ್ಟವಲ್ಲ. ಆದರೆ ಅಕ್ಕ ಇಡೀ ಊರಿನಲ್ಲಿ ಹೊಗಳಿಕೊಂಡು ತಿರುಗಿದ್ದು ಒಂದನ್ನೇ: ನನ್ನ ತಮ್ಮ ಗೆರೆ ಎಳೆದರೆ ಎಳೆದದ್ದೇ. ಅಮ್ಮ ಸತ್ತಾಗ ಇವನಿಗೆ ಒಂಬತ್ತು, ಅವಳಿಗೆ ಹದಿನೈದು. ಅವಳು ಹೊಲಿದು ಇವನನ್ನು ಬೆಳೆಸಿದ್ದಳು. ಆ ಮಾತಿನಲ್ಲಿ ಅವಳ ಪಾಲೂ ಇತ್ತು. ಸುಳ್ಳು ಗೆರೆಗಿಂತ ಒಂದು ಗೇಣು ಮೇಲೆ ಎಂಟು ತಿಂಗಳಿನಿಂದ ಮಲಗಿಸಿರುವ ಮನುಷ್ಯ ಎದ್ದು ಓಡುವವನೂ ಅಲ್ಲ, ಕೂಗುವವನೂ ಅಲ್ಲ. ನೀರು ಬಂದರೆ ಅವನು ಸುಮ್ಮನೆ ನೋಡುತ್ತಲೇ ಮುಳುಗುತ್ತಾನೆ. ಅದನ್ನು ನೆನೆದು ಗೆರೆಯಣ್ಣನಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆಯಿತು.

ಭಾನುವಾರ ಬೆಳಗ್ಗೆ ಗಾರೆಯವನನ್ನು ಪೈಪಿನ ಸಮೇತ ದವಾಖಾನೆಯ ಹತ್ತಿರ ಕರೆಸಿಕೊಂಡ. ಬಾಯಲ್ಲಿ ಲೆಕ್ಕ ಹಾಕುವುದು ಬೇರೆ, ಅಳೆದು ನೋಡುವುದು ಬೇರೆ. ಎಲ್ಲೋ ಒಂದು ಕಡೆ ಗಾರೆಯವನೇ ತಪ್ಪಿರಲಿ ಎಂಬ ಆಸೆಯೂ ಇತ್ತು. ಕೆಂಪು ಪೆನ್ಸಿಲಿನ ಗುರುತಿನಿಂದ ಶುರುಮಾಡಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಮಟ್ಟ ದಾಟಿಸುತ್ತ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೊರಟರು.

"ಏನ್ರೀ ಗೆರೆಯಣ್ಣ, ಹಾವು ಹಿಡ್ಕೊಂಡು ಮೆರವಣಿಗೆ ಹೊರಟ್ರಾ?" ಎಂದು ಐದನೇ ಮನೆಯವನು ಹಲ್ಲುಜ್ಜುತ್ತ ನಕ್ಕ. ಏಳನೇ ಮನೆಯಲ್ಲಿ ಗುರುತು ಸತ್ತ ಬೆಕ್ಕಿನ ಮೇಲೆ ಒಂದು ಗೇಣಿಗಿಂತ ಎತ್ತರಕ್ಕೆ ಬಿತ್ತು, ಮೇಷ್ಟರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಇಪ್ಪತ್ತನೆಯದರಲ್ಲಿ ಅದು ಗೆರೆಯಣ್ಣನ ಹಣೆಯ ಮಟ್ಟಕ್ಕೆ ಬಂತು. ಮೂವತ್ತನೆಯ ಹೊತ್ತಿಗೆ ಕೈ ಮೇಲೆತ್ತಿ ಹಾಕಬೇಕಾಯಿತು. ನಗುತ್ತಿದ್ದವರು ಕೆಳಗೆ ಹೋದಂತೆ ಕಡಿಮೆಯಾದರು. ಮೂವತ್ತಮೂರನೇ ಮನೆಯ ಹೆಂಗಸು ತಲೆಯ ಮೇಲಿನ ಬಿಳಿ ಗುರುತನ್ನು ನೋಡಿ, "ಅದನ್ನ ಅಳಿಸಿ ಹೋಗಿ, ಮಕ್ಕಳು ನೋಡಿದ್ರೆ ಹೆದರ್ತಾರೆ" ಎಂದಳು. ಗೆರೆಯಣ್ಣ ಅಳಿಸಲಿಲ್ಲ. ಅವರು ಮುಂದಿನ ಮನೆ ಮುಟ್ಟುವಷ್ಟರಲ್ಲಿ ಅವಳೇ ಒದ್ದೆ ಬಟ್ಟೆ ತಂದು ಒರೆಸಿದಳು.

ಕೊನೆಯ ಮನೆಗೆ ಏಣಿ ಬೇಕಾಯಿತು. ಮಂಡಿ ಗೊಣಗಿದರೂ ಗೆರೆಯಣ್ಣ ತಾನೇ ಹತ್ತಿದ. ಗಾರೆಯವನು ಪಕ್ಕದ ಮನೆಯ ಗುರುತಿಗೆ ಪೈಪಿನ ತುದಿ ಹಿಡಿದ. ನೀರು ಮೇಲೆ ಕೆಳಗೆ ತುಯ್ದಾಡಿ ನಿಂತಿತು. ಅಕ್ಕನ ಬಾಗಿಲ ಚೌಕಟ್ಟಿಗಿಂತ ಒಂದು ಮೊಳ ಮೇಲೆ, ತಗಡಿನ ಅಂಚಿಗೆ ಸ್ವಲ್ಪವೇ ಕೆಳಗೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದ.

ಕೆಳಗೆ ನೋಡಿದರೆ ಅಕ್ಕ ಏಣಿ ಹಿಡಿದುಕೊಂಡು ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ.

"ಇಳಿ ಮೊದ್ಲು" ಎಂದಳು. "ಆ ಮಂಡಿ ಇಟ್ಕೊಂಡು ಯಾಕೆ ಹತ್ತಿದೆ?"

ಅವನು ಇಳಿದ. ಗಾರೆಯವನು ಜಾಣ, ಪೈಪು ಸುತ್ತಿಕೊಂಡು ದೂರ ಹೋಗಿ ನಿಂತ. ಗೆರೆಯಣ್ಣ ಅಕ್ಕನ ಹಿಂದೆ ಅಂಗಡಿ ದಾಟಿ ಕೋಣೆಗೆ ಹೋದ. ಭಾವನ ಕಟ್ಟೆಗೆ ಒರಗಿ, ನೆಲ ನೋಡುತ್ತ ಹೇಳಿದ.

"ಗೆರೆ ತಪ್ಪಾಗಿದೆ ಅಕ್ಕ. ನಾನು ಎಳೆದದ್ದೇ ತಪ್ಪು. ರಸ್ತೆಯಿಂದ ಅಳೆದುಬಿಟ್ಟೆ. ನೀರು ಬಂದ್ರೆ ಇಲ್ಲಿ ಮೂರಡಿ ಅಲ್ಲ, ಎಂಟಡಿ. ಬಾಗಿಲಿನ ಮೇಲೆ. ಈ ಕಟ್ಟೆಯಿಂದ ಏನೂ ಪ್ರಯೋಜನ ಇಲ್ಲ."

ಅವಳು ಬೈಯುತ್ತಾಳೆ, ಅಳುತ್ತಾಳೆ, ತಲೆ ಮೇಲೆ ಕೈ ಹೊತ್ತು ಕೂರುತ್ತಾಳೆ ಎಂದುಕೊಂಡಿದ್ದ. ಅವಳು ಸ್ಟೂಲು ಹತ್ತಿ ಭಾವನ ಬಾಯಿಯ ಅಂಚಿನ ಜೊಲ್ಲನ್ನು ಒರೆಸಿದಳು.

"ಗೊತ್ತಿತ್ತು" ಎಂದಳು.

"ಯಾರು ಹೇಳಿದ್ರು? ಗಾರೆಯವನಾ?"

"ಅವನ್ಯಾಕೆ ಹೇಳ್ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಹೋದ ವರ್ಷ ನೀರು ನನ್ನ ಹೊಸ್ತಿಲು ದಾಟಿ ಒಳಗೆ ಬಂದಾಗ, ಮೇಲಿನ ಐದನೇ ಮನೆಯೋರು ಒಣ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ರು. ನೀರು ಎಲ್ಲರಿಗೂ ಒಂದೇ ಎತ್ತರ ಬರಲ್ಲ ಅಂತ ಆವತ್ತೇ ಗೊತ್ತಾಯ್ತು. ಅವರಿಗೂ ಮೂರಡಿ, ನನಗೂ ಮೂರಡಿ ಅಂತ ನೀನು ಬರೆದಾಗ ನಗು ಬಂತು."

"ಮತ್ತೆ ಹೇಳ್ಬಾರ್ದಿತ್ತಾ?" ಗೆರೆಯಣ್ಣನ ದನಿ ಏರಿತು. ತಪ್ಪು ತನ್ನದಾದರೂ ಸಿಟ್ಟು ಅವಳ ಮೇಲೆ ಬಂತು. "ಗೊತ್ತಿದ್ದೂ ಈ ಕಟ್ಟೆ ಯಾಕೆ ಕಟ್ಟಿಸ್ದೆ? ಎಂಟು ತಿಂಗಳು ಹತ್ತಿ ಇಳಿದು ಸೊಂಟ ಮುರ್ಕೊಂಡ್ಯಲ್ಲ!"

ಅಕ್ಕ ಸ್ಟೂಲಿನ ಮೇಲೆಯೇ ನಿಂತಿದ್ದಳು, ಅದರಿಂದ ಅವಳ ಮುಖ ಇವನಿಗಿಂತ ಮೇಲಿತ್ತು. ಅವಳ ಕಣ್ಣ ಕೆಳಗೆ ಕಪ್ಪಾಗಿ ಉಬ್ಬಿದ ಚರ್ಮವನ್ನು ಅವನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ನಿನ್ನ ಗೆರೆ ನಂಬಿದ್ರೆ ಮಾಡೋಕೆ ಒಂದು ಕೆಲಸ ಇತ್ತು. ಇಟ್ಟಿಗೆ ತರಿಸ್ದೆ, ಕಟ್ಟಿಸ್ದೆ, ಇವರನ್ನ ಮೇಲೆ ಮಲಗಿಸ್ದೆ. ಏನೋ ಮಾಡ್ದೆ ಅಂತ ರಾತ್ರಿ ಕಣ್ಣು ಮುಚ್ಚೋಕೆ ಆಯ್ತು. ನಂಬದೆ ಇದ್ರೆ ಇವರನ್ನ ಕರ್ಕೊಂಡು ಎಲ್ಲಿಗೆ ಹೋಗ್ಬೇಕಿತ್ತು?" ಜೊಲ್ಲು ಒರೆಸಿದ ಬಟ್ಟೆಯನ್ನು ಮಡಿಸಿದಳು. "ನೀನು ಕರೀಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ದೂರುತ್ತಿರಲಿಲ್ಲ, ಮಳೆ ಬರಲಿಲ್ಲ ಎನ್ನುವಂತೆ ಹೇಳಿದ್ದಳು. ಭಾವನ ಎಡಗೈ ಹಾಸಿಗೆಯ ಮೇಲೆ ಮೆಲ್ಲಗೆ ಅಲ್ಲಾಡುತ್ತಿತ್ತು. ಮೆಟ್ಟಿಲು ಕಿರಿದು ಎಂದು ತಾನು ಅಂದದ್ದು ನೆನಪಾಗಿ, ಗೋಡೆಯ ಬಣ್ಣದಂತೆ ಇವತ್ತೇ ಅದನ್ನು ಕೆರೆದು ತೆಗೆಯಲು ಬರುವಂತಿದ್ದರೆ ಎನ್ನಿಸಿತು.

"ಬನ್ನಿ ಅಕ್ಕ" ಎಂದ. "ಇಬ್ಬರೂ ಬನ್ನಿ. ಆ ಕೋಣೇಲಿರೋದೆಲ್ಲ ಬರೀ ಕಸ, ಇವತ್ತೇ ಎತ್ತಿ ಹೊರಗೆ ಹಾಕ್ತೀನಿ."

ಅವಳು ಸ್ಟೂಲಿನಿಂದ ಇಳಿದಳು. ಒಂದು ಕೈ ಕಟ್ಟೆಗೆ, ಒಂದು ಕೈ ಸೊಂಟಕ್ಕೆ.

"ಈಗ ಕರೀತಿರೋದು ನೀನಾ, ನಿನ್ನ ತಪ್ಪಾ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಒಂದು ಸುಳ್ಳು ಗೆರೆ ಸಾಕಾಗಿತ್ತು.

"ಗೊತ್ತಿಲ್ಲ ಅಕ್ಕ. ತಪ್ಪೇ ಇರ್ಬಹುದು. ತಪ್ಪಾಗದೇ ಇದ್ದಿದ್ರೆ ಇನ್ನೂ ಕರೀತಾನೇ ಇರ್ಲಿಲ್ಲವೇನೋ."

ಅಕ್ಕ ಬಾಗಿಲಿಗೆ ಹೋಗಿ ಗಾರೆಯವನನ್ನು ಕೂಗಿ, ಪಕ್ಕದ ಮನೆಯಿಂದ ಕೈಯಿರುವ ಕುರ್ಚಿ ತರಲು ಹೇಳಿದಳು. ಬಂದು ಭಾವನ ಮೈಮೇಲಿನ ಹೊದಿಕೆ ತೆಗೆದು ಮಡಿಸಿಟ್ಟಳು. ಅವನ ಕಿವಿಯ ಹತ್ತಿರ ಬಗ್ಗಿ, "ಮೇಲೆ ಹೋಗ್ತಿದ್ದೀವಿ, ನನ್ನ ತಮ್ಮನ ಮನೆಗೆ" ಎಂದಳು. ಕಟ್ಟೆಯ ಕೆಳಗಿನ ತುದಿಗೆ ಬಂದು, ಅವನ ಒಣಗಿದ ಎರಡು ಪಾದಗಳನ್ನು ಕೈಗೆ ತೆಗೆದುಕೊಂಡಳು.

"ತಲೆ ಕಡೆ ನೀನು ಹಿಡ್ಕೋ" ಎಂದಳು ತಮ್ಮನಿಗೆ. "ಅಲ್ಲೇ ಭಾರ ಇರೋದು. ನಾಲ್ಕು ವರ್ಷ ಅದನ್ನ ನಾನೇ ಹಿಡಿದಿದ್ದೀನಿ."

ಗೆರೆಯಣ್ಣ ಭಾವನ ಕಂಕುಳಲ್ಲಿ ಕೈ ತೂರಿಸಿ ಎತ್ತಿದ. ಅವನು ಅಂದುಕೊಂಡದ್ದಕ್ಕಿಂತ ಬಹಳ ಭಾರವಿತ್ತು.